ಹುಳು ಮೇಯಿಸಿದವರು ಯಾರು

ದೇಶದಲ್ಲಿ ಎಷ್ಟು ಜನ, ಯಾವ ಕೆಲಸವನ್ನು, ಎಷ್ಟು ಹೊತ್ತು ಮಾಡುತ್ತಾರೆ ಎಂಬುದನ್ನು ಒಂದೇ ಲೆಕ್ಕಕ್ಕೆ ತರುವ ಯೋಜನೆಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಇದನ್ನು ಹೇಳಿದಾಗ ಹೆಚ್ಚಿನವರು, ಇದೆಲ್ಲ ಎಂದೋ ಮುಗಿದಿರಬೇಕಲ್ಲ ಎಂಬಂತೆ ನೋಡುತ್ತಾರೆ. ಮುಗಿದಿಲ್ಲ. ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಒಂದು ಸಂಖ್ಯೆ ಕೊಡುತ್ತದೆ. ಕಾರ್ಖಾನೆ, ಅಂಗಡಿಗಳಿಂದ ಬರುವ ಮಾಹಿತಿ ಇನ್ನೊಂದು ಸಂಖ್ಯೆ ಕೊಡುತ್ತದೆ. ಭವಿಷ್ಯನಿಧಿಯ ಖಾತೆಗಳು ಮತ್ತೊಂದನ್ನು. ಯಾವುದೂ ಸುಳ್ಳಲ್ಲ, ಆದರೆ ಒಂದಕ್ಕೊಂದು ಹೊಂದುವುದಿಲ್ಲ. ಸಮೀಕ್ಷೆ ತಲೆಗಳನ್ನು ಎಣಿಸುತ್ತದೆ, ಕಾರ್ಖಾನೆ ಕೆಲಸಗಳನ್ನು ಎಣಿಸುತ್ತದೆ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ದುಡಿಯುವ ಹೆಂಗಸು ಮೊದಲನೆಯದರಲ್ಲಿ ಒಬ್ಬಳು, ಎರಡನೆಯದರಲ್ಲಿ ಇಬ್ಬರು. ಎಲ್ಲಿಯೂ ಸಂಬಳ ಪಡೆಯದೆ ಮನೆಯ ಬೇಸಾಯದಲ್ಲೇ ದುಡಿಯುವವಳು, ಯಾರು ಕೇಳಿದರು, ಯಾರು ಉತ್ತರ ಕೊಟ್ಟರು ಎಂಬುದರ ಮೇಲೆ, ಒಂದು ಕಡೆ ಇರುತ್ತಾಳೆ, ಇನ್ನೊಂದು ಕಡೆ ಇರುವುದಿಲ್ಲ.

ಈ ಲೆಕ್ಕಗಳನ್ನು ಜೋಡಿಸಿ ನೋಡುವ ಪ್ರಯೋಗಕ್ಕೆ ಆರಿಸಿದ ಜಾಗಗಳಲ್ಲಿ ನಮ್ಮ ಜಿಲ್ಲೆಯೂ ಒಂದಾಗಿತ್ತು. ಊರು, ಭಾಷೆ ಗೊತ್ತು ಎಂಬ ಕಾರಣಕ್ಕೆ ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಆ ವರ್ಷವೇ ನನ್ನ ಅಕ್ಕ ರೇಷ್ಮೆಹುಳು ಸಾಕುವ ತನ್ನ ಹುಳುಮನೆಯನ್ನು ಕಳೆದುಕೊಂಡಳು. ಎರಡಕ್ಕೂ ಸಂಬಂಧವಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ಅಕ್ಕನನ್ನು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಗೆ ಕೊಟ್ಟಿತ್ತು. ನಮ್ಮ ತೌರುಮನೆ ಗೌರಿಬಿದನೂರಿನಲ್ಲಿ. ಅಪ್ಪ ಮೇಷ್ಟ್ರಾಗಿ ನಿವೃತ್ತರಾದವರು. ನಮಗೂ ಜಮೀನಿತ್ತು, ಆದರೆ ರೇಷ್ಮೆ ಇರಲಿಲ್ಲ. ಮದುವೆಯಾಗಿ ಹೋದ ಹೊಸದರಲ್ಲಿ ಅಕ್ಕನಿಗೆ ಹುಳ ಕಂಡರೆ ಮೈ ಜುಂ ಎನ್ನುತ್ತಿತ್ತಂತೆ. ಆಮೇಲೆ ಅವಳು ಫೋನಿನಲ್ಲಿ ಬೇರೆ ವಿಷಯ ಮಾತಾಡುವುದನ್ನೇ ಬಿಟ್ಟಳು. "ಎರಡನೇ ಜ್ವರ ಎದ್ದವೆ ಕಣೇ, ಈಗ ಇಡ್ತೀನಿ" ಎನ್ನುವಳು. ರೇಷ್ಮೆಹುಳು ಪೊರೆ ಬಿಡುವಾಗ ಮೇಯದೆ ತಲೆಯೆತ್ತಿ ನಿಂತುಬಿಡುತ್ತದೆ, ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರದಲ್ಲಿದ್ದರೆ ಅಕ್ಕನಿಗೆ ಬಿಡುವು, ಜ್ವರದಿಂದ ಎದ್ದರೆ ಇಲ್ಲ. ಅವಳು ತೌರಿಗೆ ಬರುವುದೂ ಹುಳುಗಳ ಜ್ವರ ನೋಡಿಕೊಂಡೇ.

ಭಾವ ಒಳ್ಳೆಯ ಮನುಷ್ಯ. ಮದುವೆಯಾದ ಕೆಲವೇ ವರ್ಷಕ್ಕೆ ಅವರ ಹೃದಯದ ಕವಾಟ ಸರಿಯಿಲ್ಲ ಎಂದು ಗೊತ್ತಾಯಿತು. ಭಾರ ಎತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದರು ವೈದ್ಯರು. ಇದು ಅಕ್ಕನಿಗೆ, ನಮ್ಮ ಮನೆಯವರಿಗೆ, ಅವರ ಮನೆಯ ಒಂದಿಬ್ಬರಿಗೆ ಗೊತ್ತಿತ್ತು. ಊರಿನಲ್ಲಿ ಹೇಳಿರಲಿಲ್ಲ. ಅವರು ಹಿರಿಯ ಮಗ, ಮನೆ ಊರಿನ ದೊಡ್ಡ ಮನೆಗಳಲ್ಲಿ ಒಂದು.

ಹೊರಗಿನವರನ್ನು ಹುಳುಮನೆಯೊಳಕ್ಕೆ ಬಿಡುವುದಿಲ್ಲ. ಕಾಲು ತೊಳೆಯದೆ, ಸುಣ್ಣದ ಪುಡಿ ತುಳಿಯದೆ ಮನೆಯವರೂ ಹೋಗುವುದಿಲ್ಲ. ತಲೆಗೆ ಪರಿಮಳದ ಎಣ್ಣೆ ಹಚ್ಚಿಕೊಂಡು ಹೋಗುವಂತಿಲ್ಲ. ರೋಗ ತಗಲುತ್ತದೆ ಎಂಬುದು ಒಂದು ಕಾರಣ, ದೃಷ್ಟಿಯಾಗುತ್ತದೆ ಎಂಬುದು ಇನ್ನೊಂದು. ಹೀಗಾಗಿ ಒಳಗೆ ಕೆಲಸ ಮಾಡುವವರು ಯಾರು ಎಂಬುದನ್ನು ಊರು ಕಾಣುವುದಿಲ್ಲ. ಕಾಣುವುದು ಹೊರಗಿನ ಕಟ್ಟೆ. ಆ ಕಟ್ಟೆಯ ಮೇಲೆ ಭಾವ ಕೂತಿರುತ್ತಿದ್ದರು. ಹಾದು ಹೋಗುವವರು "ಏನಪ್ಪ, ಹುಳ ಹೆಂಗವೆ?" ಎಂದು ಕೇಳಿದರೆ, "ನಾಳೆ ಮೂರನೇ ಜ್ವರಕ್ಕೆ ಹೋಗ್ತವೆ" ಎಂದು ಹೇಳುತ್ತಿದ್ದರು. ಅವರಿಗೆ ಅದನ್ನು ಹೇಳಿಕೊಟ್ಟವಳು ಒಳಗಿರುತ್ತಿದ್ದಳು. ಹಿಪ್ಪುನೇರಳೆ ಸೊಪ್ಪಿನ ತೋಟ ನೋಡಿಕೊಳ್ಳುವುದು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವುದು ಅಕ್ಕನ ಮೈದುನನ ಪಾಲು. ಉಳಿದದ್ದೆಲ್ಲ ಅಕ್ಕನದು: ಸೊಪ್ಪು ಹಾಕುವುದು, ಹುಳುಗಳ ಕೆಳಗೆ ಉಳಿದ ಸೊಪ್ಪು, ಹಿಕ್ಕೆಯ ಹಾಸಿಗೆ ತೆಗೆಯುವುದು, ಬಿಸಿಲು ಗಾಳಿ ನೋಡಿ ಕಿಟಕಿ ತೆಗೆದು ಮುಚ್ಚುವುದು, ರೋಗದ ಹುಳು ಆರಿಸುವುದು.

ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮಾತ್ರ ಒಬ್ಬರಿಂದ ಆಗುವುದಿಲ್ಲ. ಆ ದಿನ ಅಕ್ಕಪಕ್ಕದ ಹೆಂಗಸರು ಮುಯ್ಯಿಗೆ ಬರುತ್ತಾರೆ. ಅವರ ಮನೆಯ ಹುಳು ಹಣ್ಣಾದಾಗ ಅಕ್ಕ ಹೋಗಬೇಕು. ಇದು ಕೂಲಿಯಲ್ಲ. ಕೂಲಿ ಎಂದರೆ ಮರ್ಯಾದೆ ಹೋಗುತ್ತದೆ, ಮುಯ್ಯಿ ಎಂದರೆ ಹೋಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಮುಯ್ಯಿಗೆ ಜಾಗ ಮಾಡಲು ನಾವು ತುಂಬ ಕಷ್ಟಪಟ್ಟೆವು. ಯಾರು ಯಾರಿಗೆ ದುಡಿದಂತೆ, ಅದನ್ನು ಯಾರ ಬೇಸಾಯಕ್ಕೆ ಸೇರಿಸಬೇಕು ಎಂದು ಒಂದಿಡೀ ಮಧ್ಯಾಹ್ನ ವಾದ ನಡೆದಿತ್ತು.

ಆ ಕಾಲದಲ್ಲಿ ನನ್ನ ದಿನಗಳೆಲ್ಲ ಶಿಡ್ಲಘಟ್ಟದಲ್ಲಿ ಕಳೆಯುತ್ತಿದ್ದವು. ನೂಲು ತೆಗೆಯುವ ಘಟಕಗಳಿಗೆ ಹೋಗಿ, ಅವರು ಕೊಟ್ಟ ಸಂಖ್ಯೆಗೂ ಆ ಬೀದಿಯ ಮನೆಗಳಲ್ಲಿ ಸಿಕ್ಕ ಸಂಖ್ಯೆಗೂ ಯಾಕೆ ತಾಳೆಯಾಗುವುದಿಲ್ಲ ಎಂದು ನೋಡುವುದು ನನ್ನ ಕೆಲಸ. ಒಬ್ಬ ಮಾಲೀಕರು ತಮ್ಮಲ್ಲಿ ಎಂಟು ಜನ ಎಂದು ಬರೆಸಿದ್ದರು. ಒಳಗೆ ಹೋದರೆ ಹದಿನಾರು ಜನ ಇದ್ದರು.

"ಎಂಟು ಚರಕ ಅಲ್ವಾಮ್ಮ," ಎಂದರು ಅವರು. "ಚರಕಕ್ಕೊಂದು ಜನ ಅಂತ ಬರೆಸ್ದೆ. ತಿರುಗಿಸೋರು ತಿರುಗಿಸ್ತಾರೆ, ಅವರನ್ನೇನು ಬರೆಸೋದು?"

ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹಿಡಿಯುತ್ತಿದ್ದ ಹೆಂಗಸು ತಲೆಯೆತ್ತಿ, ಚಕ್ರ ತಿರುಗಿಸುತ್ತಿದ್ದವಳಿಗೆ, "ಕೇಳಿಸ್ಕೊಂಡ್ಯಾ, ನೀನು ಇಲ್ವಂತೆ. ಹೋಗು ಮನೆಗೆ" ಎಂದಳು.

"ನಾನು ಹೋದ್ರೆ ನಿನ್ನ ಎಳೆ ನಿನ್ನ ಮೂಗಿಗೆ ಸುತ್ಕೊ," ಎಂದಳು ಇವಳು, ಚಕ್ರ ನಿಲ್ಲಿಸದೆ. ಇಬ್ಬರೂ ನಕ್ಕರು. ಮಾಲೀಕರೂ ನಕ್ಕರು. ನಾನು ತಿದ್ದಿಕೊಂಡೆ.

ಇಂಥ ತಿದ್ದುಪಡಿಗಳು ಸುಲಭ. ಕಷ್ಟ ಇರುವುದು ಮನೆಗಳಲ್ಲಿ. ನಮ್ಮ ಕಡೆಯ ಜಮೀನಿನ ಮನೆಗಳಲ್ಲಿ ಹೆಂಗಸರ ವಿಷಯ ಕೇಳಿದರೆ, ಜಗುಲಿಯ ಮೇಲೆ ಯಾರಿದ್ದರೆ ಅವರು "ಅವರೆಲ್ಲ ಮನೇಲಿರ್ತಾರೆ" ಎಂದು ಉತ್ತರಿಸುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಅದು ಹೆಮ್ಮೆಯ ಮಾತು. ನಮ್ಮ ಮನೆಯ ಹೆಂಗಸರು ದುಡಿಯುವ ಸ್ಥಿತಿ ಬಂದಿಲ್ಲ ಎಂದು ಅದರ ಅರ್ಥ. ಹೀಗಾಗಿ ಮೂಲಗಳು ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನು ಮೊದಲು ನಂಬಬೇಕು ಎಂಬ ಕ್ರಮವನ್ನು ನಾವು ಬರೆದಿಡಬೇಕಾಯಿತು. ಒಬ್ಬ ವ್ಯಕ್ತಿಯ ಕೆಲಸದ ಬಗ್ಗೆ ಆ ವ್ಯಕ್ತಿಯೇ ಕೊಟ್ಟ ಉತ್ತರಕ್ಕೆ ಮೊದಲ ಸ್ಥಾನ ಇರಬೇಕು, ಮನೆಯ ಬೇರೆಯವರು ಕೊಟ್ಟದ್ದು ಅದರ ನಂತರ ಬರಬೇಕು ಎಂದು ಸಭೆಯಲ್ಲಿ ವಾದಿಸಿದವಳು ನಾನು. ಸಾಮಾನ್ಯವಾಗಿ ನಾನು ಸಭೆಗಳಲ್ಲಿ ಮಾತಾಡುವುದಿಲ್ಲ.

ನಮ್ಮ ಮೇಲಧಿಕಾರಿ ನಿವೃತ್ತಿಯ ಹತ್ತಿರ ಬಂದವರು. ಮೆತ್ತಗೆ ಮಾತಾಡುತ್ತಾರೆ. "ಆಕೆಯೇ ಮನೇಲಿದ್ದೆ ಅಂದ್ರೆ ಏನಮ್ಮ ಮಾಡೋದು?" ಎಂದು ಕೇಳಿದರು.

"ಅದನ್ನೇ ಬರ್ಕೊಳ್ಳಣ ಸರ್. ಅವರ ಮಾತಿಗಿಂತ ನಮ್ಮ ಊಹೆ ದೊಡ್ಡದಾಗಬಾರದು" ಎಂದೆ.

ಆ ಕ್ರಮ ಒಪ್ಪಿಗೆಯಾಯಿತು. ಈಗಲೂ ಅದು ಸರಿ ಎಂದೇ ನನ್ನ ಅಭಿಪ್ರಾಯ.

ಭಾವ ತೀರಿಕೊಂಡದ್ದು ಸಂಕ್ರಾಂತಿಗೆ ಮುಂಚೆ. ಕಟ್ಟೆಯ ಮೇಲೆ ಕೂತಿದ್ದವರು ಹಾಗೆಯೇ ಒರಗಿಬಿಟ್ಟರು. ಒಳಗೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಸೂತಕದವರು ಹುಳುಮನೆಗೆ ಹೋಗಬಾರದು ಎಂದು ಮುಯ್ಯಿಯ ಹೆಂಗಸರೇ ಆ ಬೆಳೆಯನ್ನು ಮುಗಿಸಿಕೊಟ್ಟರು. ಅಕ್ಕ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತು, ಬಂದವರನ್ನೆಲ್ಲ "ಸೊಪ್ಪು ಹಾಕಿದ್ರಾ?" ಎಂದು ಕೇಳುತ್ತಿದ್ದಳು. ಮಾತಾಡಿಸಲು ಬಂದವರು ಇದನ್ನು ದುಃಖದ ಭ್ರಮೆ ಎಂದುಕೊಂಡರು.

ಕೆಲವು ತಿಂಗಳಾದ ಮೇಲೆ ಪಾಲಿನ ಮಾತು ಬಂತು. ಅಕ್ಕನಿಗೆ ಮಕ್ಕಳಿಲ್ಲ. ಆದರೂ ಗಂಡನ ಪಾಲು ಅವಳಿಗೆ ಬರಬೇಕೆಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಇದನ್ನು ನಾನು ಹೇಳಲೇಬೇಕು. ಪ್ರಶ್ನೆ ಇದ್ದದ್ದು ಯಾವ ಪಾಲು ಎಂಬುದರ ಬಗ್ಗೆ. ಕೆರೆಯ ಆಚೆ ಮಳೆಯ ನೀರಿನ ಹೊಲ ಒಂದು, ಊರಿಗೆ ಅಂಟಿಕೊಂಡು ಕೊಳವೆಬಾವಿಯ ಹಿಪ್ಪುನೇರಳೆ ತೋಟ, ಅದರ ತುದಿಗೆ ಹುಳುಮನೆ ಇನ್ನೊಂದು. ಎರಡರಲ್ಲಿ ಒಂದು ಅಕ್ಕನಿಗೆ, ಒಂದು ಮೈದುನನಿಗೆ. ಬೆಲೆಯನ್ನು ಹೇಗೋ ಸರಿದೂಗಿಸುವುದೆಂದು ಮಾತಾಗಿತ್ತು.

ಅಪ್ಪ ಮತ್ತು ನಾನು ಹೋದೆವು. ಚಿಂತಾಮಣಿಯಲ್ಲಿ ಬಸ್ ಬದಲಿಸಿ, ಬೆಳಿಗ್ಗೆ ಅಲ್ಲಿಗೆ ಮುಟ್ಟಿದಾಗ ಅಕ್ಕ ಅಂಗಳ ಸಾರಿಸುತ್ತಿದ್ದಳು. ಅಪ್ಪ ಒಳಗೆ ಹೋಗುವವರೆಗೂ ಕಾದು, ನನ್ನ ಹತ್ತಿರ ಬಂದಳು. ಕೈ ಸಗಣಿಯಾಗಿತ್ತು, ಮೊಣಕೈಯಿಂದ ನನ್ನನ್ನು ಮುಟ್ಟಿದಳು.

"ಹುಳದ್ಮನೆ ನಂಗೇ ಬೇಕು ಕಣೇ. ಹೊಲ ಅವನೇ ಇಟ್ಕೊಳ್ಲಿ. ಹೊಲದಾಗೆ ಹೋಗಿ ನಾನೇನ್ಮಾಡ್ಲಿ?"

"ಕೇಳು ಮತ್ತೆ."

"ಕೇಳ್ತೀನಿ. ಕೇಳ್ದೆ ಬಿಡ್ತೀನಾ."

ನಡುಮನೆಯಲ್ಲಿ ಚಾಪೆ ಹಾಕಿದ್ದರು. ಅಕ್ಕನ ಮಾವ, ಮೈದುನ, ಅಪ್ಪ, ಮತ್ತು ಆ ಮನೆತನದ ಒಬ್ಬ ಹಿರಿಯರು, ಎಲ್ಲರೂ ದೊಡ್ಡಪ್ಪ ಎಂದು ಕರೆಯುವವರು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು: ಅಕ್ಕ, ಅವಳ ಓರಗಿತ್ತಿ, ನಾನು, ಮತ್ತು ಮುಯ್ಯಿಗೆ ಬರುತ್ತಿದ್ದ ಪಕ್ಕದ ಮನೆಯ ಅಜ್ಜಿ. ಎದುರು ಗೋಡೆಯ ಮೇಲೆ ಭಾವನ ಫೋಟೋ ಇತ್ತು.

ದೊಡ್ಡಪ್ಪ ಎಲೆಯಡಿಕೆ ಮುಗಿಸಿ ಶುರುಮಾಡಿದರು. ಅವರ ಮಾತಿನಲ್ಲಿ ತೆಲುಗು ಸೇರಿಕೊಂಡಿರುತ್ತದೆ. "ಚೂಡಮ್ಮಾ, ನೋಡು, ಹೊಲ ಅನ್ನೋದು ಯಾರ ಕೈಲಿದ್ರೂ ಹೊಲಾನೇ. ಹುಳದ್ಮನೆ ಹಂಗಲ್ಲ. ಗೊತ್ತಿಲ್ದೋರ ಕೈಗೆ ಕೊಟ್ರೆ ಒಂದೇ ಬೆಳೇಲಿ ಮುಗೀತು ಕತೆ. ಅದಕ್ಕೇ ನಂದೊಂದು ಮಾತು. ಯಾರು ಹುಳ ಮೇಯಿಸ್ತಿದ್ರೋ ಅವರಿಗೇ ಅದು. ಏನಪ್ಪ, ಒಪ್ಪಿಗೆ ತಾನೆ?"

"ನೀವು ಹೆಂಗಂದ್ರೆ ಹಂಗೆ ದೊಡ್ಡಪ್ಪ" ಎಂದ ಮೈದುನ. ಅವನು ನೆಲ ನೋಡುತ್ತಿದ್ದ. ಹುಳುಮನೆ ಅತ್ತಿಗೆಗೆ ಹೋಗುತ್ತದೆ ಎಂದೇ ಅವನೂ ಅಂದುಕೊಂಡಿದ್ದ ಎಂದು ನನಗೆ ಅನ್ನಿಸುತ್ತದೆ.

ಬಾಗಿಲಲ್ಲಿ ಅಜ್ಜಿ, "ಇದ್ರಾಗೆ ಕೇಳೋಕೇನಿದೆ, ನಮ್ಗೆಲ್ಲ ಗೊತ್ತಿಲ್ವಾ" ಎಂದು ಗೊಣಗಿತು.

"ಸುಮ್ನಿರಜ್ಜಿ, ನಿನ್ನ ಬಾಯಿಗೊಂದು ಬೀಗ ಹಾಕ" ಎಂದಳು ಓರಗಿತ್ತಿ ಪಿಸುಮಾತಿನಲ್ಲಿ.

"ಹಲ್ಲೇ ಇಲ್ಲ, ಬೀಗ ಎಲ್ಲಿಗೆ ತಗಲಾಕ್ತೀಯೇ?"

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಧೈರ್ಯ ಬಂತು. ಎಲ್ಲವೂ ಸರಿಯಾದ ದಿಕ್ಕಿನಲ್ಲೇ ಹೋಗುತ್ತಿತ್ತು. ದೊಡ್ಡಪ್ಪ ಕೇಳಿದ ಪ್ರಶ್ನೆ ನಾವು ಕೇಳಬಹುದಾದ ಯಾವ ಪ್ರಶ್ನೆಗಿಂತಲೂ ನ್ಯಾಯವಾಗಿತ್ತು, ಮತ್ತು ಅದನ್ನು ಕೇಳಬೇಕಾದವಳನ್ನೇ ಕೇಳುವವರಿದ್ದರು.

ಕೇಳಿದ್ದು ಅಕ್ಕನ ಮಾವ. "ನೀನೇ ಹೇಳಮ್ಮ. ಹುಳ ಯಾರು ಮೇಯಿಸ್ತಿದ್ದಿದ್ದು?"

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡಳು. ಮಾವನ ಮುಖ ನೋಡಿದಳು. ಅವರ ಹಿಂದಿದ್ದ ಫೋಟೋವನ್ನೂ ನೋಡಿದಳೋ ಏನೋ, ನಾನು ಪಕ್ಕದಲ್ಲಿದ್ದೆ, ಅವಳ ಕಣ್ಣು ನನಗೆ ಕಾಣುತ್ತಿರಲಿಲ್ಲ.

"ಅವರೇ ನೋಡ್ಕೊಂತಿದ್ರು ಮಾವ. ನಾನು ಮನೇಲಿದ್ದೆ."

ಅಜ್ಜಿ ಬಾಯಿ ತೆರೆದು ಮುಚ್ಚಿತು.

ನಾನು ಮಾತಾಡಿದೆ. ಎಲ್ಲರ ಮುಂದೆ ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. "ಹುಳದ ಕೆಲಸ ಎಲ್ಲಾ ಅಕ್ಕನೇ ಮಾಡ್ತಿದ್ದಿದ್ದು. ಭಾವಂಗೆ ಹುಷಾರಿರಲಿಲ್ಲ."

ಮಾವ ನನ್ನ ಕಡೆ ತಿರುಗಿದರು. ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ವಯಸ್ಸಾದವರು ಕೇಳಿಸದೇ ಇದ್ದಾಗ ಮತ್ತೆ ಕೇಳುತ್ತಾರಲ್ಲ, ಆ ಥರ ಕೇಳಿದರು: "ಅಂದ್ರೆ ನನ್ನ ಮಗ ಏನ್ಮಾಡ್ತಿದ್ದ ಅಂತಮ್ಮ?"

ಈ ಪ್ರಶ್ನೆಗೆ ಕೊಡಬಹುದಾದ ಉತ್ತರ ಒಂದೇ. ಕಟ್ಟೆಯ ಮೇಲೆ ಕೂತಿರುತ್ತಿದ್ದರು ಎಂದು ನಾನು ಹೇಳಬೇಕಿತ್ತು. ಅಷ್ಟರಲ್ಲಿ ಅಕ್ಕನೇ ಉತ್ತರ ಕೊಟ್ಟಳು.

"ಇವಳ್ಗೇನು ಗೊತ್ತು ಮಾವ. ಇವಳು ಓದೋದು ಬರೆಯೋದು ಅಂತ ಊರೂರು ತಿರುಗ್ತಿದ್ದೋಳು. ಅವರು ನೋಡ್ಕೊಂತಿದ್ರು. ಸೊಪ್ಪು ಹಾಕು ಅಂದ್ರೆ ನಾನು ಒಂದೊಂದ್ಸಲ ಹಾಕ್ತಿದ್ದೆ, ಅಷ್ಟೆ."

ದೊಡ್ಡಪ್ಪ ತಲೆಯಾಡಿಸಿದರು. ಆಮೇಲಿನದು ತಾನಾಗಿ ನಡೆಯಿತು. ಹುಳು ಬಲ್ಲವನು ಹೋಗಿಬಿಟ್ಟ. ಉಳಿದವರಲ್ಲಿ ತೋಟ ಬಲ್ಲವನು, ಮಾರುಕಟ್ಟೆ ಬಲ್ಲವನು ತಮ್ಮನೇ. ಮನೆಯಲ್ಲಿದ್ದ ಹೆಣ್ಣುಮಗಳಿಗೆ ಹುಳುಮನೆ ಕೊಟ್ಟು ಕಷ್ಟಕ್ಕೆ ನೂಕುವುದು ಬೇಡ. ಅವರ ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಅವರು ಇಟ್ಟುಕೊಂಡ ಕ್ರಮವೂ ನಮ್ಮದೇ: ಅವಳ ಕೆಲಸದ ಬಗ್ಗೆ ಅವಳ ಮಾತು ಮೊದಲು.

ಊಟವಾದ ಮೇಲೆ ಹಿತ್ತಿಲಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. "ಯಾಕಕ್ಕ?" ಎಂದಷ್ಟೇ ಕೇಳಿದೆ.

ಅವಳು ತಪ್ಪಲೆಯ ತಳ ಉಜ್ಜುತ್ತಲೇ ಇದ್ದಳು. "ಅವರು ಆ ಕಟ್ಟೆ ಮೇಲೆ ಕೂತ್ಕೊಂಡು ಎಷ್ಟು ಬೇಜಾರು ಮಾಡ್ಕೊಂತಿದ್ರು ಗೊತ್ತೇನೇ ನಿಂಗೆ? ಯಾರಾದ್ರೂ ದಾರೀಲಿ ಬಂದ್ರೆ ಎದ್ದು ನಿಂತ್ಕೊಂತಿದ್ರು, ಈಗ ತಾನೆ ಒಳಗಿಂದ ಬಂದೋರ ಥರ. ನಿಂತ್ರೆ ಎದೆ ನೋವು. ಆದ್ರೂ ನಿಂತ್ಕೊಂತಿದ್ರು." ನೀರು ಸುರಿದಳು. "ಬದುಕಿರೋವಾಗ ಅಷ್ಟು ಕಾಪಾಡ್ಕೊಂಡು ಬಂದೆ. ಈಗ ಒಂದು ಮನೆಗೋಸ್ಕರ, ಅವರಪ್ಪನ ಮುಂದೆ, ನಿಮ್ಮ ಮಗ ಸುಮ್ನೆ ಕೂತಿದ್ದ ಅಂತ ನಾನು ಹೇಳ್ಲಾ?"

"ಹುಷಾರಿಲ್ದೆ ಕೂತಿದ್ರು."

"ಊರಿಗೆ ಎರಡೂ ಒಂದೇ ಕಣೇ."

ಬೆಳಿಗ್ಗೆ ಹುಳುಮನೆ ತನಗೇ ಬೇಕು ಎಂದಾಗ ಈ ಪ್ರಶ್ನೆ ಹೀಗೆ ಬರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಸಂಜೆಯವರೆಗೂ ಅವಳು ಅಳಲಿಲ್ಲ. ನಾವು ಹೊರಟಾಗ ಮುರುಗಮಲ್ಲದ ಕಡೆಯಿಂದ ಬರುವ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ, ಬೇಗ ಹೋಗಿ ನಿಂತುಕೊಳ್ಳಿ ಎಂದಳು.

ಬಸ್ಸಿನಲ್ಲಿ, ಚಿಂತಾಮಣಿ ದಾಟಿದ ಮೇಲೆ ಅಪ್ಪ, "ನನ್ನ ಮಗಳು ಆ ಮನೆ ಮರ್ಯಾದೆ ಉಳಿಸಿದ್ಲು" ಎಂದರು. ಅವರ ಕಣ್ಣು ತುಂಬಿತ್ತು. ಅಪ್ಪನ ಮಾತಿನಲ್ಲಿ ಇದ್ದದ್ದು ನಿಜವಾದ ಅಭಿಮಾನ. ನಾನು ಅದಕ್ಕೆ ಎದುರು ಹೇಳಲಿಲ್ಲ. ಅವರಿಗೆ ಆ ದಿನ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ಮರುದಿನ ಚಿಕ್ಕಬಳ್ಳಾಪುರದಲ್ಲಿ ಎಂದಿನಂತೆ ಕೆಲಸಕ್ಕೆ ಕೂತೆ. ಚಿಂತಾಮಣಿ ತಾಲ್ಲೂಕಿನ ಸಂಖ್ಯೆಗಳು ಬಂದಿದ್ದವು. ಗೂಡಿನ ಇಳುವರಿ ನೋಡಿದರೆ ಇಷ್ಟು ಹುಳು ಸಾಕಲು ಇಷ್ಟು ಹೊತ್ತಿನ ದುಡಿಮೆ ಬೇಕು ಎಂದು ಅಂದಾಜಿಸಬಹುದು. ಮನೆಗಳ ಉತ್ತರ ಕೂಡಿದರೆ ಅಷ್ಟು ದುಡಿಮೆ ಸಿಗುವುದಿಲ್ಲ. ಗೂಡು ಇದೆ, ಮಾಡಿದವರಿಲ್ಲ. ಈ ಅಂತರಕ್ಕೆ ನಮ್ಮ ಲೆಕ್ಕದಲ್ಲಿ ಒಂದು ಸಾಲಿದೆ, ಹೊಂದಾಣಿಕೆ ಎಂದು ಅದರ ಹೆಸರು. ಯಾರದೆಂದು ಗೊತ್ತಿಲ್ಲದ ದುಡಿಮೆಯನ್ನೆಲ್ಲ ಅಲ್ಲಿ ಒಟ್ಟಿಗೆ ತೋರಿಸುತ್ತೇವೆ. ಮೊದಲೆಲ್ಲ ಆ ಸಾಲು ಕಂಡರೆ ನನಗೆ ಅಸಮಾಧಾನ, ವಿಧಾನ ಸುಧಾರಿಸಿದಂತೆ ಅದು ಸಣ್ಣದಾಗಬೇಕು ಎಂಬ ಹಟ. ಆ ದಿನ ಅದನ್ನು ಸುಮ್ಮನೆ ನೋಡುತ್ತಾ ಕೂತೆ.

ಮೇಲಧಿಕಾರಿ ಬಂದು ಪಕ್ಕದಲ್ಲಿ ನಿಂತು, "ಇನ್ನೂ ತಾಳೆಯಾಗಲಿಲ್ವಾ?" ಎಂದರು.

"ಇಲ್ಲ ಸರ್. ಉತ್ತರ ಅವರವರೇ ಕೊಟ್ಟಿದ್ದಾರೆ. ಆದ್ರೂ ಆಗ್ತಿಲ್ಲ."

"ಊರಲ್ಲಿ ಎಲ್ಲಾ ಚೆನ್ನಾಗಿದ್ದಾರಾ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ.

ಮಳೆಗಾಲ ಶುರುವಾಗುವ ಮೊದಲು ಅಕ್ಕ ಗೌರಿಬಿದನೂರಿಗೆ ಬಂದುಬಿಟ್ಟಳು. ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಹುಳುಮನೆಯಲ್ಲಿ ಇನ್ನೊಬ್ಬರು ಸೊಪ್ಪು ಹಾಕುವುದನ್ನು ಪಕ್ಕದಲ್ಲಿದ್ದು ನೋಡುವುದಕ್ಕೆ ಆಗುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದಳಂತೆ. ನನ್ನ ಹತ್ತಿರ ಹೇಳಲಿಲ್ಲ. ಅವಳ ಪಾಲಿಗೆ ಬಂದ ಹೊಲವನ್ನು ಮೈದುನನೇ ಉಳುತ್ತಾನೆ. ಮನೆಯಲ್ಲಿ ಸುಮ್ಮನೆ ಕೂತು ಎರಡು ತಿಂಗಳಾದ ಮೇಲೆ, ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ವ್ಯಾನು ನಮ್ಮ ಬೀದಿಯ ಕೊನೆಗೆ ಬರುತ್ತದೆ, ನಾನೂ ಹೋಗುತ್ತೇನೆ ಎಂದಳು. ಅಪ್ಪ ಒಪ್ಪಲಿಲ್ಲ. ಆಮೇಲೆ ಒಪ್ಪಿದರು. ಅಂಗಿಯ ಕಾಲರಿಗೆ ಅಂಟಿದ ದಾರ ಕತ್ತರಿಸುವ ಕೆಲಸ ಕೊಟ್ಟಿದ್ದಾರೆ. ಭವಿಷ್ಯನಿಧಿಯ ಖಾತೆಯೂ ತೆರೆದಿದ್ದಾರೆ.

ಈಗ ಅವಳು ನಮ್ಮ ಎಲ್ಲ ಮೂಲಗಳಲ್ಲೂ ಇದ್ದಾಳೆ. ಕಾರ್ಖಾನೆಯ ಸಂಖ್ಯೆಯಲ್ಲಿ ಒಬ್ಬಳು, ಖಾತೆಗಳಲ್ಲಿ ಒಬ್ಬಳು, ಯಾರಾದರೂ ಮನೆಗೆ ಬಂದು ಕೇಳಿದರೆ ಅಲ್ಲೂ ಒಬ್ಬಳು. ಎಲ್ಲವೂ ತಾಳೆಯಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮನೆಯಲ್ಲಿದ್ದ ಹೆಂಗಸೊಬ್ಬಳು ಹೊಸದಾಗಿ ದುಡಿಮೆಗೆ ಬಂದಿದ್ದಾಳೆ. ವರದಿಗಳಲ್ಲಿ ಇಂಥ ಏರಿಕೆಯನ್ನು ಒಳ್ಳೆಯ ಸುದ್ದಿ ಎಂದು ಬರೆಯುವುದು ವಾಡಿಕೆ. ನಾನೂ ಬರೆದಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ನಾನು ಮನೆಗೆ ಹೋಗಿದ್ದೆ. ಅಕ್ಕ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು, ನಾನು ಹಿಂಡಿ ಕೊಡುತ್ತಿದ್ದೆ. ಅವಳಿಗೆ ಫೋನು ಬಂತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿ ನೀರಿನ ತೊಟ್ಟಿಯ ಅಂಚಿಗೆ ಇಟ್ಟಳು. ಓರಗಿತ್ತಿಯ ದನಿ.

"ಅಕ್ಕಾ, ಹುಳ ಯಾಕೋ ಮಂಕಾಗವೆ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು. ಸೊಪ್ಪು ಹಂಗಂಗೇ ಇದೆ. ಇವ್ರು ನೋಡಿದ್ರೆ ಎಲ್ಲಾ ಸರಿ ಅವೆ ಅಂತಾರೆ. ನಂಗೆ ಭಯ ಆಗ್ತದೆ."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗದ ಮೇಲೆ ಹಾಗೆಯೇ ಬಿಟ್ಟಳು. "ಮೈ ಹೊಳೀತದಾ? ಊದ್ಕೊಂಡಿದೆಯಾ?"

"ಇಲ್ಲ."

"ಮುಟ್ಟಿದ್ರೆ ಒಡೆದು ಹಾಲಿನಂಗೆ ಬರ್ತದಾ?"

"ಇಲ್ಲಕ್ಕ."

"ಮಳೆ ಬಂದು ಸೊಪ್ಪು ನೀರಾಗಿತ್ತಾ? ನಿಜ ಹೇಳು."

"ಸ್ವಲ್ಪ ಒದ್ದೆ ಇತ್ತಕ್ಕ."

"ಸರಿ, ಬೈಯಲ್ಲ. ಫೋನ್ ಬಾಗಿಲ ಕಡೆ ಹುಳದ ಹತ್ರ ಹಿಡಿ. ನೀನು ಮಾತಾಡ್ಬೇಡ."

ಅಕ್ಕ ತೊಟ್ಟಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಫೋನಿಗೆ ಕಿವಿ ಕೊಟ್ಟಳು. ಬೀದಿಯಲ್ಲಿ ಸ್ಕೂಟರಿನ ಸದ್ದು ಬಂದಾಗ ಇನ್ನೊಂದು ಕಿವಿ ಮುಚ್ಚಿಕೊಂಡಳು. ನಾನೂ ಬಗ್ಗಿದೆ. ಮೊದಲು ಏನೂ ಇಲ್ಲವೆನ್ನಿಸಿತು. ಆಮೇಲೆ ಕೇಳಿಸಿತು. ದೂರದ ತೋಟದ ಎಲೆಗಳ ಮೇಲೆ ಸಣ್ಣ ಹನಿ ಬೀಳುವ ಹಾಗೆ, ಎಡೆಬಿಡದ ಚರಚರ. ಹುಳುಗಳು ಸೊಪ್ಪು ತಿನ್ನುವ ಶಬ್ದ.

"ಈಗ ಒಳಗಡೆ ಮೂಲೇಲಿ ಹಿಡಿ," ಎಂದಳು. ಮತ್ತೆ ಕೇಳಿದಳು. "ಬಾಗಿಲ ಕಡೆ ಮೇಯ್ತಾ ಅವೆ. ಒಳಗಡೆ ಮೂಲೇಲಿ ಮಾತ್ರ ಮೇಯ್ತಿಲ್ಲ. ಅಲ್ಲಿ ಹಾಸಿಗೆ ತೆಗೆದ್ಹಾಕು, ಸುಣ್ಣ ಉದುರಿಸು. ಹಿಂದಿನ ಕಿಟಕಿ ಮುಚ್ಚಿದ್ದೀಯ ನೀನು, ಮೊದ್ಲು ಅದು ತೆಗಿ. ಒಂದು ಹೊತ್ತು ಸೊಪ್ಪು ಕಮ್ಮಿ ಹಾಕು. ಎದ್ಕೊಂತವೆ."

"ಅಯ್ಯೋ, ಬದುಕ್ಕೊಂಡೆ ಕಣಕ್ಕ. ಇವರಿಗೆ ಏನಂತ ಹೇಳ್ಲಿ?"

"ನಿಂಗೇ ಹೊಳೀತು ಅನ್ನು."

"ನೀನು ಹೇಳ್ದೆ ಅಂದ್ರೆ ಏನಾಗ್ತದೆ?"

"ಬೇಡಮ್ಮ. ಅವನಿಗೆ ಬೇಜಾರಾಗ್ತದೆ. ನಿಂಗೇ ಹೊಳೀತು ಅನ್ನು."

ಓರಗಿತ್ತಿ ಹೂಂ ಎಂದಳು. ಇಡ್ತೀನಿ ಎಂದಳು. ಅಕ್ಕ, "ತಡಿ" ಎಂದಳು. ಇನ್ನು ಹೇಳುವುದೇನೂ ಉಳಿದಿರಲಿಲ್ಲ.

"ಬಾಗಿಲ ಕಡೆದು ಇನ್ನೊಂದ್ಸಲ ಹಿಡಿ."

ಹಗ್ಗದ ಮೇಲೆ ಬಿಟ್ಟ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನು ಬಿಡಿಸಿ ಹರವಿದೆ, ಬಕೆಟ್ಟಿನಲ್ಲಿ ಉಳಿದದ್ದನ್ನೂ ಒಂದೊಂದಾಗಿ ಒಣಹಾಕಿದೆ. ಅಕ್ಕ ಕಣ್ಣು ಮುಚ್ಚಿ, ತಲೆ ತೊಟ್ಟಿಗೆ ಒರಗಿಸಿಕೊಂಡು, ಆ ಕಡೆಯವರು ಫೋನು ಇಡುವವರೆಗೂ ಕೇಳುತ್ತಲೇ ಇದ್ದಳು.